ದೂರ ಒಂದೇ, ಹೊತ್ತು ಬೇರೆ

ಭಟ್ಕಳದಿಂದ ಅಸ್ಸಾಮಿನ ದಿಬ್ರುಗಢಕ್ಕಿಂತ ದುಬೈ ಹತ್ತಿರ. ಭೂಗೋಲದ ಮೇಲೆ ಅಳೆದರೆ ದುಬೈ ವಿಮಾನ ನಿಲ್ದಾಣಕ್ಕೆ ಸುಮಾರು 2,360 ಕಿ.ಮೀ., ದಿಬ್ರುಗಢಕ್ಕೆ 2,600. ಮಸ್ಕತ್ ಇನ್ನೂ ಈಚೆಗೆ, 2,000 ಕಿ.ಮೀ. ಸುಮಾರಿಗೆ ಸಿಗುತ್ತದೆ. ಭಾರತದ ನಕ್ಷೆಯನ್ನಷ್ಟೇ ನೋಡಿ ಬೆಳೆದ ಕಣ್ಣಿಗೆ ಇದು ವಿಚಿತ್ರ ಎನಿಸಬಹುದು, ಏಕೆಂದರೆ ಆ ನಕ್ಷೆಯಲ್ಲಿ ಪಶ್ಚಿಮಕ್ಕೆ ನೀಲಿ ಬಣ್ಣ ಬಿಟ್ಟರೆ ಏನೂ ಇರುವುದಿಲ್ಲ. ಭಟ್ಕಳದ ನವಾಯತ ಸಮುದಾಯದ ಮನೆಗಳಲ್ಲಿ ಈ ಮಾತು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅರಬ್ಬೀ ಸಮುದ್ರದ ಆಚೆ ದಡದ ಜೊತೆ ಆ ಊರಿನ ನಂಟು ನೂರಾರು ವರ್ಷ ಹಳೆಯದು. ಮಕ್ಕಳೋ ಅಳಿಯನೋ ದುಬೈಯಲ್ಲೋ ಸೌದಿಯಲ್ಲೋ ಇಲ್ಲದ ಕೇರಿ ಅಲ್ಲಿ ಅಪರೂಪ.

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳುವಾಗ ನಾವು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತೇವೆ. ಮೊದಲನೆಯದು ರೇಖಾಗಣಿತ. ಒಮ್ಮೆ ಲೆಕ್ಕ ಹಾಕಿಟ್ಟರೆ ಮುಗಿಯಿತು, ಉತ್ತರ ಬದಲಾಗದು. ಎರಡನೆಯದು ದಿನದಿನಕ್ಕೂ ಬದಲಾಗುತ್ತದೆ. ಗಾಳಿ, ಗಡಿಯಾರ, ಸೂರ್ಯ, ರಸ್ತೆ ಎಲ್ಲವೂ ಅದರಲ್ಲಿ ಪಾಲು ಕೇಳುತ್ತವೆ.

ಮೊದಲು ರೇಖಾಗಣಿತವನ್ನೇ ನೋಡೋಣ. ಭಟ್ಕಳ, ಹೊನ್ನಾವರ, ಕುಮಟಾ ಮೂರಕ್ಕೂ ಸ್ವಂತ ವಿಮಾನ ನಿಲ್ದಾಣವಿಲ್ಲ. ಹಾಗಾಗಿ ಕರಾವಳಿಯ ಮಂದಿ ಬಜ್ಪೆ ಎಂದೇ ಕರೆಯುವ ಮಂಗಳೂರು ನಿಲ್ದಾಣದಿಂದ ಲೆಕ್ಕ ಹಾಕಬೇಕು. ಅದು ಇರುವುದು ಉತ್ತರ ಅಕ್ಷಾಂಶ 12.96, ಪೂರ್ವ ರೇಖಾಂಶ 74.89 ಡಿಗ್ರಿಯಲ್ಲಿ. ದುಬೈ ನಿಲ್ದಾಣದ ಅಕ್ಷಾಂಶ 25.25, ರೇಖಾಂಶ 55.36. ಭೂಮಿಯ ಕೇಂದ್ರದಿಂದ ಈ ಎರಡು ಜಾಗಗಳಿಗೆ ಒಂದೊಂದು ಗೆರೆ ಎಳೆದಿದ್ದೇವೆಂದು ಊಹಿಸಿಕೊಳ್ಳಿ. ಆ ಗೆರೆಗಳ ನಡುವಿನ ಕೋನ 22.1 ಡಿಗ್ರಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360ಕ್ಕೆ ಹಂಚಿದರೆ ಒಂದು ಡಿಗ್ರಿಗೆ 111 ಕಿ.ಮೀ. ಚಿಲ್ಲರೆ. ಎರಡನ್ನೂ ಗುಣಿಸಿದರೆ ಸುಮಾರು 2,460 ಕಿ.ಮೀ. ಇಂಥ ದಾರಿಯನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಲದ ಮೇಲಿನ ಎರಡು ಬಿಂದುಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಇಲ್ಲಿ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಭಟ್ಕಳದ ಪ್ರಯಾಣಿಕ ವಿಮಾನ ಹತ್ತುವುದಕ್ಕೆ ದಕ್ಷಿಣಕ್ಕೆ ಹೋಗುತ್ತಾನೆ. ಹತ್ತಿದ ವಿಮಾನ ವಾಯವ್ಯಕ್ಕೆ ತಿರುಗುತ್ತದೆ. ಅದು ನೇರ ದಾರಿ ಹಿಡಿದರೆ ಭಟ್ಕಳದ ಅಕ್ಷಾಂಶವನ್ನು ದಾಟುವ ಹೊತ್ತಿಗೆ ಊರಿನಿಂದ ಸುಮಾರು 120 ಕಿ.ಮೀ. ಆಚೆ, ಸಮುದ್ರದ ಮೇಲಿರುತ್ತದೆ. ಅಂದರೆ ಬಜ್ಪೆಗೆ ಹೋದದ್ದಕ್ಕೆ ರಸ್ತೆಯ ದೂರವಷ್ಟೇ ಅಲ್ಲ, ಆಕಾಶದ ದೂರವೂ 100 ಕಿ.ಮೀ. ಹೆಚ್ಚಾಯಿತು.

ಮಹಾವೃತ್ತದ ಮಹಿಮೆ ದುಬೈ ದಾರಿಯಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಗೋಡೆಯ ನಕ್ಷೆಯ ಮೇಲೆ ಅಡಿಕೋಲಿಟ್ಟು ಎಳೆದ ಗೆರೆಯಲ್ಲಿ ಹಾರಿದರೂ ಕೆಲವೇ ಕಿಲೋಮೀಟರುಗಳ ವ್ಯತ್ಯಾಸ. ಅದನ್ನು ಕಾಣಬೇಕಾದರೆ ಕುಮಟಾ, ಹೊನ್ನಾವರ ಸೀಮೆಯ ತಂದೆತಾಯಿಯರು ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಹೋಗುವ ದಾರಿಯನ್ನು ನೋಡಬೇಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮಹಾವೃತ್ತದ ದೂರ ಸುಮಾರು 13,990 ಕಿ.ಮೀ. ಶಾಲೆಗಳಲ್ಲಿ ತೂಗುಹಾಕುವ ಆಯತಾಕಾರದ ಮರ್ಕೇಟರ್ ನಕ್ಷೆಯಲ್ಲಿ ನೇರ ಗೆರೆ ಎಳೆದು ಅದರಂತೆಯೇ ಹಾರಿದರೆ 16,100 ಕಿ.ಮೀ. ದಾಟುತ್ತದೆ. ನಕ್ಷೆಯ ಮೇಲೆ ನೇರವಾಗಿ ಕಂಡ ದಾರಿ ನೆಲದ ಮೇಲೆ 2,000 ಕಿ.ಮೀ.ಗೂ ಹೆಚ್ಚಿನ ಸುತ್ತು! ಗೋಲ ಸಿಕ್ಕರೆ ಒಂದು ದಾರ ತೆಗೆದುಕೊಂಡು ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆದು ನೋಡಿ. ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಚೀನಾ, ಪೂರ್ವ ಸೈಬೀರಿಯಾಗಳನ್ನು ಹಾದು, 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕದ ಕಡೆಯಿಂದ ಇಳಿಯುತ್ತದೆ.

ಹಾಗೆಂದು ವಿಮಾನ ಆ ದಾರವನ್ನೇ ಹಿಡಿದು ಹೋಗುತ್ತದೆಯೇ? ಇಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಿಟ್ಟಾಗ ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಅದನ್ನು ಉತ್ತರ ಧ್ರುವದ ಮೇಲಿಂದ ತಂದಿತು. ಅದು ಅತಿ ಹತ್ತಿರದ ದಾರಿಯಲ್ಲ. ಆದರೂ ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಗೆ ಎದೆಯೊಡ್ಡಿ ಬರುವುದಕ್ಕಿಂತ ಧ್ರುವದ ಕಡೆ ಸುತ್ತಿ ಬಂದರೆ ಇಂಧನವೂ ಹೊತ್ತೂ ಉಳಿಯುವ ದಿನಗಳಿರುತ್ತವೆ.

ಗಾಳಿಯ ಹಾಗೆ ದೇಶಗಳ ಗಡಿಯೂ ದಾರಿಯನ್ನು ಬಾಗಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ದಿಲ್ಲಿಯಿಂದ ದುಬೈಗೆ ಸುಮಾರು 2,190 ಕಿ.ಮೀ., ನಮಗಿಂತ ಹತ್ತಿರ. ಆದರೆ ಆ ವಿಮಾನಗಳು ದಕ್ಷಿಣಕ್ಕೆ ಬಳಸಿ ಸಮುದ್ರದ ಮೇಲೆ ಹೋಗಬೇಕಾಯಿತು. ಬಜ್ಪೆಯ ವಿಮಾನಗಳದ್ದು ಮೊದಲಿನಿಂದಲೂ ಸಮುದ್ರದ ದಾರಿಯೇ. ಅರಬ್ಬೀ ಸಮುದ್ರ ದಾಟಿ ಮಸ್ಕತ್ ಹತ್ತಿರ ನೆಲ ಕಂಡು ದುಬೈಗೆ ಇಳಿಯುವ ಆ ದಾರಿಗೆ ಏನೂ ಆಗಲಿಲ್ಲ.

ಇನ್ನು ಹೊತ್ತಿನ ಪ್ರಶ್ನೆ. ಶಾಲಾ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ, ಅದನ್ನು ಮೊದಲೇ ಎತ್ತಿಕೊಳ್ಳುತ್ತೇನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಕುಮಟಾದ ಅಕ್ಷಾಂಶದಲ್ಲಿ ನೆಲ ಸಾಗುವ ವೇಗ ಗಂಟೆಗೆ ಸುಮಾರು 1,615 ಕಿ.ಮೀ., ಜೆಟ್ ವಿಮಾನದ ವೇಗದ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಿದ್ದರೆ ಹೆಲಿಕಾಪ್ಟರೊಂದು ಕುಮಟಾದ ಮೇಲೆ ಸುಮ್ಮನೆ ನಿಂತುಬಿಟ್ಟರೆ 76 ನಿಮಿಷದಲ್ಲಿ ದುಬೈನ ರೇಖಾಂಶ ತಾನಾಗಿ ಕಾಲಡಿಗೆ ಬರಬೇಡವೇ?

ಬರುವುದಿಲ್ಲ. ಏಕೆಂದರೆ ಆ ಹೆಲಿಕಾಪ್ಟರ್ ನೆಲ ಬಿಡುವ ಮೊದಲೇ ನೆಲದ ಜೊತೆ ಅದೇ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿತ್ತು. ಮೇಲೇರಿದ ಮಾತ್ರಕ್ಕೆ ಆ ವೇಗ ಕಳೆದುಹೋಗುವುದಿಲ್ಲ, ಸುತ್ತಲಿನ ಗಾಳಿಯೂ ಭೂಮಿಯ ಜೊತೆಯಲ್ಲೇ ತಿರುಗುತ್ತಿದೆ. ಹೋಗುವಾಗಿನ ಮತ್ತು ಬರುವಾಗಿನ ಹೊತ್ತಿನ ವ್ಯತ್ಯಾಸಕ್ಕೆ ಭೂಮಿಯ ತಿರುಗಾಟ ನೇರವಾಗಿ ಕಾರಣವಲ್ಲ. ಅದು ಗಾಳಿಗಳ ದಿಕ್ಕನ್ನು ತಿರುಗಿಸುತ್ತದೆ, ಆ ಗಾಳಿಗಳು ವಿಮಾನದ ಹೊತ್ತನ್ನು ತಿರುಗಿಸುತ್ತವೆ.

ಹೊನ್ನಾವರದಿಂದ ಶರಾವತಿಯಲ್ಲಿ ಗೇರುಸೊಪ್ಪೆಯ ಕಡೆಗೆ ಹೋಗುತ್ತಿದ್ದ ದೋಣಿಯವರಿಗೆ ಈ ಲೆಕ್ಕ ಕೈಯಲ್ಲೇ ಇತ್ತು. ಭರತದ ಹೊತ್ತಿಗೆ ಸಮುದ್ರದ ನೀರು ಹೊಳೆಯೊಳಕ್ಕೆ ನುಗ್ಗುವಾಗ ಹೊರಟರೆ ಹುಟ್ಟಿನ ಅರ್ಧ ಕೆಲಸವನ್ನು ನೀರೇ ಮಾಡುತ್ತದೆ. ಇಳಿತದಲ್ಲಿ ಹೊರಟರೆ ಅದೇ ತೋಳು, ಅದೇ ಹುಟ್ಟು, ಆದರೆ ಊರು ಬೇಗ ಬರುವುದಿಲ್ಲ. ವಿಮಾನಕ್ಕೆ ಗಾಳಿಯೇ ಹೊಳೆ. ದುಬೈ ದಾರಿಯಲ್ಲಿ ಓಡಾಡುವ ಬೋಯಿಂಗ್ 737 ಜಾತಿಯ ವಿಮಾನ ಸುತ್ತಲಿನ ಗಾಳಿಯನ್ನು ಸೀಳುವ ವೇಗ ಗಂಟೆಗೆ 830 ಕಿ.ಮೀ. ಸುಮಾರು. ಗಾಳಿ ನಿಶ್ಚಲವಾಗಿದ್ದರೆ 2,460 ಕಿ.ಮೀ.ಗೆ 2 ಗಂಟೆ 58 ನಿಮಿಷ. ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 730ಕ್ಕೆ ಇಳಿದು 3 ಗಂಟೆ 22 ನಿಮಿಷ ಬೇಕು. ಅದೇ ಗಾಳಿ ಬೆನ್ನಿಗಿದ್ದರೆ 2 ಗಂಟೆ 39 ನಿಮಿಷ ಸಾಕು. ವಿಮಾನ ಒಂದೇ, ದೂರ ಒಂದೇ, ಹೋಗಿಬರುವಲ್ಲಿ 43 ನಿಮಿಷದ ಅಂತರ. ಇನ್ನೂ ಒಂದು ಸೂಕ್ಷ್ಮವಿದೆ. ಎದುರುಗಾಳಿಯಲ್ಲಿ ಕಳೆದುಕೊಂಡದ್ದು 24 ನಿಮಿಷ, ಬೆನ್ನುಗಾಳಿಯಲ್ಲಿ ಗಳಿಸಿದ್ದು 19. ಒಂದೇ ಗಾಳಿ ಹೋಗುವಾಗಲೂ ಬರುವಾಗಲೂ ಬೀಸಿದರೆ ಒಟ್ಟು ಲೆಕ್ಕದಲ್ಲಿ ನಷ್ಟವೇ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ.

ವೇಳಾಪಟ್ಟಿಯಲ್ಲಿ ಕಾಣುವ ಹೊತ್ತು ಇದಕ್ಕಿಂತ ದೊಡ್ಡದು. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ ದುಬೈಯಲ್ಲಿ ಮತ್ತೆ ನಿಲ್ಲುವವರೆಗಿನ ಎಲ್ಲವೂ ಅದರಲ್ಲಿ ಸೇರುತ್ತದೆ. ರನ್‌ವೇವರೆಗಿನ ನಿಧಾನದ ಓಟ, ಮೇಲೇರುವಿಕೆ, ದಟ್ಟಣೆಯ ಆಕಾಶದಲ್ಲಿ ಇಳಿಯಲು ಸರದಿ ಕಾಯುವುದು, ಎಲ್ಲ. ಆದ್ದರಿಂದಲೇ ಟಿಕೆಟಿನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಎಂದಿರುತ್ತದೆ.

ಈಗ ಗಾಳಿಯ ಕಥೆ. ನನಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾಗಿ ಕಾಣುವ ಭಾಗ ಇದು. ಮಳೆಗಾಲದಲ್ಲಿ ಮುರ್ಡೇಶ್ವರದ ದಡದಲ್ಲಿ ನಿಂತರೆ ಗಾಳಿ ನೈಋತ್ಯದಿಂದ, ಸಮುದ್ರದ ಕಡೆಯಿಂದ ಮುಖಕ್ಕೆ ರಾಚುತ್ತದೆ. ಅದೇ ಜಾಗದಲ್ಲಿ ನೆತ್ತಿಯ ಮೇಲೆ ಹದಿನಾಲ್ಕು ಹದಿನಾರು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ, ಗಂಟೆಗೆ 100 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಹರಿಯುತ್ತಿರುತ್ತದೆ. ಕೆಳಗಿನ ಗಾಳಿ ಅರಬಸ್ತಾನದ ಕಡೆಯಿಂದ ನಮ್ಮತ್ತ, ಮೇಲಿನ ಗಾಳಿ ನಮ್ಮಿಂದ ಅತ್ತ! ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ವಿವರವಾಗಿ ಜಗತ್ತಿನ ಮುಂದಿಟ್ಟರು. ಉಷ್ಣವಲಯದ ಪೂರ್ವ ಜೆಟ್ ಎಂದು ಇದಕ್ಕೆ ಹೆಸರು.

ಕಾರಣ ಟಿಬೆಟ್ಟಿನಲ್ಲಿದೆ. ಬೇಸಿಗೆಯಲ್ಲಿ ಆ ಎತ್ತರದ ಪ್ರಸ್ಥಭೂಮಿ ಕಾದು ಮೇಲಿನ ಗಾಳಿಯನ್ನೂ ಬಿಸಿ ಮಾಡುತ್ತದೆ. ಬಿಸಿಯಾದ ಗಾಳಿಯ ಕಂಬ ಹಿಗ್ಗುವುದರಿಂದ ಅಲ್ಲಿ ಎತ್ತರದಲ್ಲಿ ಒತ್ತಡ ಹೆಚ್ಚಾಗುತ್ತದೆ. ದಕ್ಷಿಣಕ್ಕೆ, ತಂಪಾದ ಹಿಂದೂ ಮಹಾಸಾಗರದ ಮೇಲೆ, ಅದೇ ಎತ್ತರದಲ್ಲಿ ಒತ್ತಡ ಕಡಿಮೆ. ಗಾಳಿ ಉತ್ತರದಿಂದ ದಕ್ಷಿಣಕ್ಕೆ ಹೊರಡುತ್ತದೆ, ಭೂಮಿಯ ತಿರುಗಾಟ ಅದನ್ನು ಬಲಕ್ಕೆ, ಅಂದರೆ ಪಶ್ಚಿಮಕ್ಕೆ ತಿರುಗಿಸುತ್ತದೆ. ಪ್ರಯಾಣಿಕ ವಿಮಾನಗಳು ಹಾರುವುದು ಹತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಈ ಹೊಳೆಯ ಕೆಳ ಅಂಚಿನಲ್ಲಿ. ಹಾಗಾಗಿ ಜುಲೈಯಲ್ಲಿ ದುಬೈಗೆ ಹೊರಟ ವಿಮಾನಕ್ಕೆ ದಾರಿಯ ಮೊದಲರ್ಧದಲ್ಲಿ ಬೆನ್ನಿಗೆ ಒಂದಿಷ್ಟು ಆಸರೆ ಸಿಗುತ್ತದೆ. ಚಳಿಗಾಲ ಬಂತೆಂದರೆ ಲೆಕ್ಕ ತಲೆಕೆಳಗು. ಆಗ ಉತ್ತರ ಭಾರತ ಮತ್ತು ಅರಬಸ್ತಾನದ ಉತ್ತರ ಭಾಗದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಇನ್ನೊಂದು ಜೆಟ್ ಗಟ್ಟಿಯಾಗಿ ನೆಲೆಸುತ್ತದೆ. 25 ಡಿಗ್ರಿಯಲ್ಲಿರುವ ದುಬೈಗೆ ಅದರ ಅಂಚು ತಗಲುತ್ತದೆ. ಜನವರಿಯಲ್ಲಿ ಹೋಗುವವರು ಕೊನೆಯ ಭಾಗದಲ್ಲಿ ಅದಕ್ಕೆ ಎದುರಾಗಿ ತಿಣುಕಬೇಕು. ಊರಿಗೆ ಬರುವವರನ್ನು ಅದು ಹೊರಡುವಾಗಲೇ ತಳ್ಳಿಕೊಡುತ್ತದೆ.

ವಿಮಾನಕ್ಕೆ ಗಾಳಿ ನಿಮಿಷಗಳ ಮಾತಾದರೆ ಹಾಯಿ ಹಡಗಿಗೆ ತಿಂಗಳುಗಳ ಮಾತಾಗಿತ್ತು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ ಮುಖ್ಯವಾದದ್ದು. ಹೊನ್ನಾವರವನ್ನು 14ನೇ ಶತಮಾನದಲ್ಲಿ ಇಬ್ನ್ ಬತೂತ ಕಂಡು ಬರೆದಿದ್ದಾನೆ. ಆ ಕಾಲದ ಹಡಗು ಒಳ್ಳೆಯ ಗಾಳಿಯಲ್ಲಿ ಗಂಟೆಗೆ ಐದು ನಾಟಿಕಲ್ ಮೈಲಿ, ಅಂದರೆ ಒಂಬತ್ತು ಕಿ.ಮೀ. ಸಾಗುತ್ತದೆಂದು ಹಿಡಿಯೋಣ. ಹಗಲು ರಾತ್ರಿ ಸೇರಿ ದಿನಕ್ಕೆ 220 ಕಿ.ಮೀ. ಸುಮಾರು. 2,400 ಕಿ.ಮೀ.ಗೆ ಹನ್ನೊಂದು ದಿನ. ಆದರೆ ಆ ಹನ್ನೊಂದು ದಿನ ಯಾವಾಗ ಬೇಕಾದರೂ ಸಿಗುತ್ತಿರಲಿಲ್ಲ. ಮುಂಗಾರಿನ ಅಬ್ಬರದಲ್ಲಿ ನಮ್ಮ ಬಂದರುಗಳು ಮುಚ್ಚುತ್ತಿದ್ದವು. ಅದರ ಕಸುವು ಇಳಿಯುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಡಗುಗಳು ಅರಬಸ್ತಾನದಿಂದ ಇತ್ತ ಬರುತ್ತಿದ್ದವು. ಹಿಂದಿರುಗಲು ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ, ಅಂದರೆ ನವೆಂಬರ್ ನಂತರದವರೆಗೆ ಕಾಯಲೇಬೇಕು. ವ್ಯಾಪಾರಿಗಳು ಈ ದಡದಲ್ಲಿ ತಿಂಗಳುಗಟ್ಟಲೆ ಉಳಿದರು, ಮದುವೆಯಾದರು, ಮನೆ ಕಟ್ಟಿದರು. ನವಾಯತರಂಥ ಸಮುದಾಯಗಳು ಇಲ್ಲಿ ಬೇರೂರಿದ್ದರಲ್ಲಿ ಗಾಳಿ ಕಾಯುವ ಈ ಬಿಡುವಿಗೂ ಪಾಲಿದೆ ಎಂದು ನಾನು ನಂಬುತ್ತೇನೆ.

ಗಡಿಯಾರದ ವಿಷಯಕ್ಕೆ ಬರೋಣ. ಭಾರತದ ಸಮಯ ದುಬೈಗಿಂತ ಒಂದೂವರೆ ಗಂಟೆ ಮುಂದು. ರಾತ್ರಿ 8 ಗಂಟೆಗೆ ಬಜ್ಪೆ ಬಿಟ್ಟ ವಿಮಾನ ಮೂರೂಮುಕ್ಕಾಲು ಗಂಟೆಯಲ್ಲಿ ತಲುಪಿತೆನ್ನಿ. ದುಬೈ ಗೋಡೆಯ ಗಡಿಯಾರದಲ್ಲಿ 10.15 ಆಗಿರುತ್ತದೆ, ಎರಡೂಕಾಲು ಗಂಟೆಯಲ್ಲಿ ಬಂದಂತೆ. ಮರಳುವಾಗ ಮೂರೂಕಾಲು ಗಂಟೆಯ ಹಾರಾಟ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು ಗಂಟೆಯಾಗುತ್ತದೆ. ಸೂರ್ಯನ ಲೆಕ್ಕದಲ್ಲಿ ಮಾತ್ರ ಭಟ್ಕಳಕ್ಕೂ ದುಬೈಗೂ ಇರುವ ಅಂತರ 90 ನಿಮಿಷವಲ್ಲ, 77 ನಿಮಿಷ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಅದಕ್ಕಿಂತ ಎಂಟು ಡಿಗ್ರಿ ಪಶ್ಚಿಮಕ್ಕಿರುವ ಭಟ್ಕಳದಲ್ಲಿ ಸೂರ್ಯ ನೆತ್ತಿಗೆ ಬರುವಾಗ ಸರಾಸರಿ 12.32 ಆಗಿರುತ್ತದೆ.

ಈ ಸೂರ್ಯನ ಲೆಕ್ಕ ರಮ್ಜಾನ್ ತಿಂಗಳಲ್ಲಿ ಬಹಳ ಮುಖ್ಯವಾಗುತ್ತದೆ. ರೋಜಾ ಹಿಡಿದವರು ಸಂಜೆಯ ವಿಮಾನದಲ್ಲಿ ದುಬೈಗೆ ಹೊರಟಿದ್ದಾರೆ, ಸೂರ್ಯ ಮುಳುಗಲು ಒಂದು ಗಂಟೆ ಇದೆ ಎಂದುಕೊಳ್ಳಿ. ವಿಮಾನ ವಾಯವ್ಯಕ್ಕೆ ಹಾರುವುದರಿಂದ ಅದರ ವೇಗದಲ್ಲಿ ಪಶ್ಚಿಮದ ಪಾಲು ಗಂಟೆಗೆ 680 ಕಿ.ಮೀ. ಆ ಅಕ್ಷಾಂಶಗಳಲ್ಲಿ ಸೂರ್ಯಾಸ್ತದ ಗೆರೆ ಪಶ್ಚಿಮಕ್ಕೆ ಓಡುವ ವೇಗ 1,580. ಗೆರೆ ವಿಮಾನವನ್ನು ಹಿಡಿದೇ ಹಿಡಿಯುತ್ತದೆ, ಆದರೆ ಒಂದು ಗಂಟೆಯ ಬದಲು ಒಂದೂಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಎತ್ತರವೂ ಸೇರಿಕೊಳ್ಳುತ್ತದೆ. ಹನ್ನೊಂದು ಕಿ.ಮೀ. ಮೇಲಿನಿಂದ ದಿಗಂತ ಸುಮಾರು 370 ಕಿ.ಮೀ. ದೂರಕ್ಕೆ ಸರಿಯುವುದರಿಂದ ಕೆಳಗಿನ ಸಮುದ್ರದಲ್ಲಿ ಸೂರ್ಯ ಮುಳುಗಿದ ಮೇಲೂ ಕಿಟಕಿಯಲ್ಲಿ ಇನ್ನೂ ಕಾಣುತ್ತಿರುತ್ತಾನೆ. ನಿಂತ ಜಾಗದಲ್ಲಾದರೆ ಇದು ಹದಿಮೂರು ಹದಿನಾಲ್ಕು ನಿಮಿಷ, ಪಶ್ಚಿಮಕ್ಕೆ ಹಾರುವಾಗ ಇನ್ನೂ ಹೆಚ್ಚು. ಸಾಮಾನ್ಯವಾಗಿ ವಿಮಾನದಿಂದ ಕಾಣುವ ಸೂರ್ಯಾಸ್ತವನ್ನೇ ಇಫ್ತಾರಿಗೆ ಲೆಕ್ಕ ಹಿಡಿಯುತ್ತಾರೆ. ಊರಿಗೆ ಬರುವ ವಿಮಾನದಲ್ಲಿ ಇದೇ ಒಂದು ಗಂಟೆ ಸುಮಾರು 42 ನಿಮಿಷಕ್ಕೆ ಕುಗ್ಗುತ್ತದೆ.

ಇಷ್ಟೆಲ್ಲ ನಿಲ್ದಾಣದಿಂದ ನಿಲ್ದಾಣಕ್ಕೆ. ಜನ ಹೊರಡುವುದು ಮನೆಯಿಂದ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿನ ದಾರಿ ಎಂದರೆ ಮುಂಬೈ. ಅಲ್ಲಿಂದ ಕೊಲ್ಲಿಗೆ ಜನರನ್ನು ಒಯ್ಯುತ್ತಿದ್ದ ‘ದ್ವಾರಕಾ’ ಹಡಗು 1982ರವರೆಗೂ ಓಡಿತು. ಈಗ ಭಟ್ಕಳದಿಂದ ಬಜ್ಪೆಗೆ ಹೆದ್ದಾರಿ 66ರಲ್ಲಿ ಸುಮಾರು 140 ಕಿ.ಮೀ. ಕುಮಟಾದವರಿಗೆ ಗೋವಾದ ದಾಬೋಳಿಯೇ ಹತ್ತಿರ, 160 ಕಿ.ಮೀ. ಆಸುಪಾಸು. 2023ರ ಜನವರಿಯಲ್ಲಿ ಕೆಲಸ ಶುರುಮಾಡಿದ ಮೋಪಾ ನಿಲ್ದಾಣ ಇನ್ನೂ ಉತ್ತರಕ್ಕಿದೆ. ನಡುವೆ ಇರುವ ಹೊನ್ನಾವರಕ್ಕೆ ಎರಡೂ ಕಡೆ ಹೆಚ್ಚುಕಡಿಮೆ ಸಮ, 180 ಕಿ.ಮೀ. ಕ್ಯಾಲಿಫೋರ್ನಿಯಾಕ್ಕೆ ಹೋಗುವವರು ಮೊದಲು ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲೋ ರೈಲಿನಲ್ಲೋ ಘಟ್ಟ ಹತ್ತಿ ಬೆಂಗಳೂರು ಸೇರಬೇಕು.

ಭಟ್ಕಳದ ಒಂದು ಪ್ರಯಾಣವನ್ನು ಕೂಡಿಸಿ ನೋಡಿ. ರಸ್ತೆಯಲ್ಲಿ ಮೂರು ಗಂಟೆ, ತಪಾಸಣೆಗಾಗಿ ಮುಂಚಿತವಾಗಿ ಮೂರು ಗಂಟೆ, ವಿಮಾನದಲ್ಲಿ ಮೂರೂಮುಕ್ಕಾಲು, ಇಳಿದು ಹೊರಬರಲು ಒಂದು. ಒಟ್ಟು ಹತ್ತೂಮುಕ್ಕಾಲು ಗಂಟೆ. 2,360 ಕಿ.ಮೀ.ಯನ್ನು ಅದಕ್ಕೆ ಹಂಚಿದರೆ ಗಂಟೆಗೆ 220 ಕಿ.ಮೀ. 830 ಕಿ.ಮೀ. ವೇಗದ ಯಂತ್ರವೊಂದು ನಮ್ಮ ಕೈಗೆ ಬರುವಾಗ ಇಷ್ಟಾಗುತ್ತದೆ. ಗಂಟೆಗೆ 100 ಕಿ.ಮೀ. ಹೆಚ್ಚು ವೇಗದ ವಿಮಾನ ತಯಾರಾದರೂ ಈ ದಾರಿಯಲ್ಲಿ ಉಳಿಯುವುದು 19 ನಿಮಿಷ. ಹೆದ್ದಾರಿಯ ಮೇಲೆ ಗುಡ್ಡ ಜರಿಯದಂತೆ ನೋಡಿಕೊಂಡರೆ ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಉಳಿಯುತ್ತದೆ.

ಹತ್ತಿರವೇ ಒಂದು ನಿಲ್ದಾಣ ಬಂದರೆ? ಅಂಕೋಲಾದ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣದ ಯೋಜನೆಯಿದೆ. ಅಲ್ಲಿಗೆ ಕುಮಟಾದಿಂದ 35 ಕಿ.ಮೀ.ಯೊಳಗೆ, ಭಟ್ಕಳದಿಂದ 95ರ ಸುಮಾರು. ಆದರೆ ನಿಲ್ದಾಣ ಹತ್ತಿರವಾದ ಮಾತ್ರಕ್ಕೆ ದುಬೈ ಹತ್ತಿರವಾಗುವುದಿಲ್ಲ. ಒಂದು ವಿಮಾನ ಎಷ್ಟು ದೂರ ಹಾರಬಲ್ಲದು ಎಂಬುದು ಅದು ಎಷ್ಟು ಇಂಧನ ಹೊತ್ತು ಮೇಲೇಳಬಲ್ಲದು ಎಂಬುದರ ಮೇಲೆ, ಅದು ರನ್‌ವೇಯ ಉದ್ದದ ಮೇಲೆ ನಿಂತಿದೆ. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಬಜ್ಪೆಯ ರನ್‌ವೇ 2,450 ಮೀಟರ್. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅದರ ಅಂಚು ದಾಟಿ ಕಮರಿಗೆ ಬಿದ್ದು 158 ಜನ ಪ್ರಾಣ ಕಳೆದುಕೊಂಡದ್ದನ್ನು ಈ ಕರಾವಳಿ ಮರೆತಿಲ್ಲ. ಬೆಂಗಳೂರಿನ ರನ್‌ವೇ 4,000 ಮೀಟರ್, ಅಮೆರಿಕೆಗೆ ಬೇಕಾಗುವಷ್ಟು ಇಂಧನ ಹೊತ್ತ ದೊಡ್ಡ ವಿಮಾನ ಏಳುವುದು ಅಂಥಲ್ಲಿ. ಅಲಗೇರಿಗೆ ಗಲ್ಫಿನವರೆಗೆ ಹಾರುವ 737ರಂಥ ವಿಮಾನಕ್ಕೆ ಸಾಕಾಗುವ ಉದ್ದ ಬೇಕು, ಜೊತೆಗೆ ವಲಸೆ ಮತ್ತು ಸುಂಕದ ತಪಾಸಣೆಯ ವ್ಯವಸ್ಥೆಯೂ ಬೇಕು. ಅದಿಲ್ಲದಿದ್ದರೆ ಅಲ್ಲಿ ವಿಮಾನ ಹತ್ತಿದವರು ಬೆಂಗಳೂರಿಗೋ ಮುಂಬೈಗೋ ಹೋಗಿ ಇಳಿದು, ಮತ್ತೆ ಸಾಲಿನಲ್ಲಿ ನಿಂತು, ಇನ್ನೊಂದು ವಿಮಾನ ಹಿಡಿಯಬೇಕು. ಹಾಗಾದರೆ ಭಟ್ಕಳದವರಿಗೆ ಮೂರು ಗಂಟೆ ರಸ್ತೆಯಲ್ಲಿ ಕೂತು ಬಜ್ಪೆಗೆ ಹೋಗುವುದೇ ಬೇಗದ ದಾರಿ.